ಹಿಂದಿನ ಬ್ರೇಕು ಮೆತ್ತಗಾದರೆ

ಹಳ್ಳಿಮೈಸೂರಿನಿಂದ ಹೊಳೆನರಸೀಪುರ, ಅರಕಲಗೂಡು ಅಂತ ದಿನಾ ಬೈಕಿನಲ್ಲಿ ಓಡಾಡುವವರಿಗೆ ಈ ಮಾತು. ಹಿಂದಿನ ಡಿಸ್ಕ್ ಬ್ರೇಕಿನ ಪೆಡಲು ಮೆತ್ತಗೆ ಕುಸಿಯುತ್ತಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು. (ಡ್ರಮ್ ಬ್ರೇಕಿಗೆ ಈ ಕಾಟವಿಲ್ಲ.) ಆಯಿಲ್ ಎಲ್ಲಾದರೂ ಸೋರುತ್ತಿದ್ದರೆ ಮಾತ್ರ ನೇರ ಮೆಕ್ಯಾನಿಕ್ ಹತ್ತಿರ ಹೋಗಿ.

ಬೈಕಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಆಯಿಲನ್ನೇ, ಹೆಚ್ಚಾಗಿ ಅದು ಡಾಟ್ 4, ಸೀಲು ಒಡೆಯದ ಬಾಟಲಿಯಲ್ಲಿ ತನ್ನಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಈ ವ್ಯತ್ಯಾಸ ಜೀವದ ಪ್ರಶ್ನೆ.

ಗಾಳಿ ತೆಗೆಯಲು, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನಲ್ಲಿರುವ ಗಾಳಿ ಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೊಸ ಆಯಿಲಿನಲ್ಲಿ ಮುಳುಗಿಸಿ. ಜೊತೆಯವರು ಪೆಡಲನ್ನು ನಿಧಾನವಾಗಿ ತುಳಿದು ಹಿಡಿಯಲಿ, ನೀವು ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ. ಗುಳ್ಳೆಗಳು ಬುಳುಬುಳು ಹೊರಬರುತ್ತವೆ. ನಿಪ್ಪಲ್ಲು ಬಿಗಿ ಮಾಡಿದ ಮೇಲೆಯೇ ಪೆಡಲು ಬಿಡಬೇಕು. ಇದೊಂದು ತಪ್ಪಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಗುಳ್ಳೆ ನಿಲ್ಲುವವರೆಗೂ ಹೀಗೇ ಮಾಡಿ, ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆ ಮುಟ್ಟುವ ಮುಂಚೆ ತುಂಬುತ್ತಿರಿ. ಪೇಂಟಿನ ಮೇಲೆ ಹನಿ ಬಿದ್ದರೆ ಕೂಡಲೇ ನೀರು ಸುರಿಯಿರಿ. ಪೆಡಲು ಗಟ್ಟಿಯಾದರೂ, ಮೊದಲು ಮನೆ ಮುಂದೆ ನಿಧಾನಕ್ಕೆ ಓಡಿಸಿ, ಬ್ರೇಕು ಹಿಡಿದು ನೋಡಿ.