ಚಾಕೊಲೇಟಿನ ರುಚಿ, ಹುರಿಗಡಲೆಯ ಬಲ

ಸಂಜೆ ಹಸಿದು ಬರುವ ಮಕ್ಕಳ ಕೈಗೆ ಚಾಕೊಲೇಟನ್ನೀಯುವುದು ಮಹಾನಗರದ ಮನೆಗಳಲ್ಲಿ ರೂಢಿಯಾಗಿದೆ. ಅದರಲ್ಲಿ ಸಕ್ಕರೆ, ಕೊಬ್ಬುಗಳದೇ ಸಿಂಹಪಾಲು. ದೇಹವನ್ನು ಬೆಳೆಸುವ ಸಸಾರಜನಕ ಅಲ್ಪ. ಈ ಕೊರತೆಯನ್ನು ಹತ್ತೇ ನಿಮಿಷಗಳಲ್ಲಿ ಮನೆಯಲ್ಲಿಯೇ ತುಂಬಬಹುದು.

50 ಗ್ರಾಂ ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿ, ಒಂದು ದೊಡ್ಡ ಚಮಚ ಸಕ್ಕರೆಯಿಲ್ಲದ ಕೋಕೋ ಪುಡಿಯನ್ನು ಬೆರೆಸಬೇಕು. 250 ಮಿಲಿಲೀಟರ್ ತಣ್ಣನೆಯ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹೊಯ್ದು ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಬೇಕು. ಗಟ್ಟಿಯಾದೊಡನೆ ಕೆಳಗಿಳಿಸಿ, ಕೊಂಚ ಆರಿದ ಮೇಲೆ ಎರಡು ಚಮಚ ಬೆಲ್ಲದ ಪುಡಿ ಸೇರಿಸಬೇಕು. ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು.

ಇದರಲ್ಲಿ ಸುಮಾರು 18 ಗ್ರಾಂ ಸಸಾರಜನಕವಿದೆ. ಇಬ್ಬರು ಮಕ್ಕಳಿಗೆ ಹಂಚಿದರೆ ತಲಾ 9 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸೂಚಿಸಿದ ಪ್ರಮಾಣ ಸುಮಾರು 23 ಗ್ರಾಂ. ಮೂರನೆಯ ಒಂದು ಪಾಲಿಗಿಂತ ಹೆಚ್ಚು ಒಂದೇ ಬಟ್ಟಲಿನಲ್ಲಿ ಜಮೆಯಾದಂತಾಯಿತು!