ಬಾನೆಟ್ ಬೀಳುತ್ತಿದೆ, ಮಾವನವರು ಮಾತು ಬಿಟ್ಟಿದ್ದಾರೆ

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಒಬ್ಬ ಮಗ. ಮಾವನವರಿಗೆ ಎಪ್ಪತ್ತೆರಡು ವರ್ಷ. ಬೆಳಿಗ್ಗೆ ಕಾಫಿ ಆದ ಕೂಡಲೇ ಕಾರಿನ ಬಾನೆಟ್ ಎತ್ತಿ ಆಯಿಲ್, ಕೂಲೆಂಟ್ ನೋಡುವುದು ಜೀಪಿನ ಕಾಲದಿಂದಲೂ ಅವರ ರೂಢಿ. ಈಗಿರುವ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೆವು. ಇದರ ಬಾನೆಟ್‌ಗೆ ಊರುವ ಕಡ್ಡಿ ಇಲ್ಲ, ಎರಡೂ ಬದಿಗೆ ಗ್ಯಾಸಿನ ಸ್ಟ್ರಟ್ ಇದೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಾನೆಟ್ ತಾನಾಗಿ ಇಳಿದು ಮಾವನವರ ಹೆಗಲಿಗೆ ಬಡಿಯಿತು. ಮೂಳೆಗೆ ಏನೂ ಆಗಲಿಲ್ಲ, ಆದರೆ ವಾರಗಟ್ಟಲೆ ನೋವಿತ್ತು. ಅಂದಿನಿಂದ ನಮ್ಮ ಯಜಮಾನರು ಕಾರಿನ ಕೀ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಮಾವ ಮಗನೊಂದಿಗೆ ಮಾತು ಬಿಟ್ಟಿದ್ದಾರೆ. ವಿಚಿತ್ರವೆಂದರೆ ಮಧ್ಯಾಹ್ನ ನಾನು ಎತ್ತಿದರೆ ಬಾನೆಟ್ ಗಟ್ಟಿಯಾಗಿ ನಿಲ್ಲುತ್ತದೆ. ‘ಅಪ್ಪ ಪೂರ್ತಿ ಎತ್ತಿರಲಿಲ್ಲ’ ಎಂದು ಇವರು ಹೇಳುವುದು ಅದಕ್ಕೇ. ಗ್ಯಾರೇಜಿನವರು ಗಾಡಿ ಒಂದು ದಿನ ಬಿಡಬೇಕು ಅಂದಿದ್ದಾರೆ, ತೋಟದ ಕೆಲಸದ ನಡುವೆ ಅದು ಆಗುತ್ತಿಲ್ಲ. ನಾನೇ ಬದಲಾಯಿಸಬಹುದೆಂದು ನನಗನ್ನಿಸುತ್ತದೆ. ‘ಒಳಗೆ ಗ್ಯಾಸ್ ಇದೆ, ಸಿಡಿದರೆ ಗತಿಯೇನು, ನಿನಗ್ಯಾಕೆ’ ಎನ್ನುತ್ತಾರೆ ಇವರು. ನಿಜವಾಗಿ ಅಷ್ಟು ಅಪಾಯವೇ? ಅಪ್ಪ ಮಗನ ನಡುವೆ ನಾನು ಕೈ ಹಾಕುವುದು ಸರಿಯೇ?

ಉತ್ತರ: ಮೊದಲು ಮಾವನವರ ಪರವಾಗಿ ಒಂದು ಮಾತು. ತಪ್ಪು ಅವರದ್ದಲ್ಲ. ಬೆಳಿಗ್ಗೆ ಬೀಳುವುದು, ಮಧ್ಯಾಹ್ನ ನಿಲ್ಲುವುದು ಸವೆದ ಸ್ಟ್ರಟ್‌ನ ಸ್ಪಷ್ಟ ಗುರುತು. ಅದರೊಳಗೆ ತುಂಬಿರುವುದು ನೈಟ್ರೋಜನ್. ಯಾವುದೇ ಅನಿಲದ ಹಾಗೆ ಚಳಿಗೆ ಅದರ ಒತ್ತಡ ಇಳಿಯುತ್ತದೆ, ಬಿಸಿಲಿಗೆ ಏರುತ್ತದೆ. ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ ಮೂರೂವರೆಯಷ್ಟು ವ್ಯತ್ಯಾಸ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ 12 ಡಿಗ್ರಿ ಇದ್ದು ಮಧ್ಯಾಹ್ನ 28ಕ್ಕೆ ಏರಿತೆಂದರೆ, ಅದೇ ಸ್ಟ್ರಟ್ ಬೆಳಿಗ್ಗೆ ಶೇಕಡಾ ಐದರಷ್ಟು ದುರ್ಬಲ. ಹೊಸ ಸ್ಟ್ರಟ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಅಷ್ಟು ಹೆಚ್ಚುವರಿ ಬಲ ಇಟ್ಟೇ ಮಾಡಿರುತ್ತಾರೆ. ವರ್ಷಗಳಿಂದ ಒಂದಿಷ್ಟೊಂದಿಷ್ಟೇ ಗ್ಯಾಸ್ ಬಿಟ್ಟುಕೊಂಡು, ಬಾನೆಟ್ಟಿನ ಭಾರವನ್ನು ಅಂಚಿನಲ್ಲಿ ತಡೆದು ನಿಂತಿರುವ ಸ್ಟ್ರಟ್‌ಗೆ ಮಾತ್ರ ಆ ಐದೇ ಸಾಕು. ನೀವು ಎತ್ತುವುದು ಮಧ್ಯಾಹ್ನ, ಅವರು ಎತ್ತುವುದು ಕಾಫಿ ಹೊತ್ತಿಗೆ. ಇಷ್ಟೇ ವ್ಯತ್ಯಾಸ. ಇದನ್ನು ಯಜಮಾನರಿಗೆ ಓದಿ ಹೇಳಿ. ಹೆಗಲಿನ ನೋವಿಗಿಂತ ‘ಅಪ್ಪ ಸರಿಯಾಗಿ ಎತ್ತಲಿಲ್ಲ’ ಎಂಬ ಮಾತು ಆ ಹಿರಿಯರಿಗೆ ಹೆಚ್ಚು ನೋವು ಕೊಟ್ಟಿರಬಹುದು.

ಬೇಕಿದ್ದರೆ ನಾಳೆ ಬೆಳಿಗ್ಗೆ ನೀವೇ ನೋಡಿ. ಯಾರಾದರೂ ಬಾನೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಳ್ಳಲಿ, ನೀವು ಟಾರ್ಚ್ ಹಿಡಿದು ಸ್ಟ್ರಟ್ ನೋಡಿ. ಕಪ್ಪು ಕೊಳವೆಯೊಳಗಿಂದ ಪೆನ್ಸಿಲ್ ಗಾತ್ರದ ಹೊಳೆಯುವ ಸರಳು ಹೊರಬಂದಿರುತ್ತದೆ. ಅದು ಹೊರಬರುವ ಬಾಯಿಯ ಸುತ್ತ ಎಣ್ಣೆಯ ಜಿಡ್ಡು, ಆ ಜಿಡ್ಡಿಗೆ ಅಂಟಿದ ಕೆಮ್ಮಣ್ಣಿನ ಧೂಳು, ಸರಳಿನ ಮೇಲೆ ಉದ್ದಕ್ಕೆ ಗೀರು ಅಥವಾ ತುಕ್ಕಿನ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಸೀಲ್ ಹೋಗಿದೆ ಎಂದರ್ಥ. ಒಳಗಿನ ನಾಲ್ಕು ಹನಿ ಎಣ್ಣೆ ಆ ಸೀಲನ್ನು ಒಣಗದಂತೆ ಕಾಯುತ್ತಿರುತ್ತದೆ. ಎಣ್ಣೆ ಹೊರಗೆ ಬಂತೆಂದರೆ ಗ್ಯಾಸ್ ಹಿಂದೆಯೇ ಹೋಗುತ್ತಿದೆ. ಏನೂ ಕಾಣದೆಯೂ ಸ್ಟ್ರಟ್ ಸೋತಿರಬಹುದು, ಆಗ ಬೆಳಗಿನ ಆ ಬೀಳುವಿಕೆಯೇ ಸಾಕ್ಷಿ.

ಇನ್ನು ಸಿಡಿಯುವ ಮಾತು. ಯಜಮಾನರ ಹೆದರಿಕೆಗೆ ಆಧಾರವಿಲ್ಲದೆ ಇಲ್ಲ. ಸ್ಟ್ರಟ್ ಮೇಲೆ 350 ಎಂದು ಬರೆದು ಪಕ್ಕದಲ್ಲಿ ‘ಎನ್’ ಎಂಬ ಅಕ್ಷರ ಇದೆ ಅಂದುಕೊಳ್ಳಿ. ಅದು 350 ನ್ಯೂಟನ್, ಅಂದರೆ ಸುಮಾರು ಮೂವತ್ತೈದು ಕಿಲೋ ಭಾರ ಎತ್ತುವಷ್ಟು ಬಲ. ಎಂಟು ಮಿಲಿಮೀಟರ್ ದಪ್ಪದ ಸರಳಿನ ಮೇಲೆ ಅಷ್ಟು ಬಲ ಬರಬೇಕಾದರೆ ಒಳಗಿನ ಒತ್ತಡ ಸಾವಿರ ಪಿಎಸ್‌ಐ ಹತ್ತಿರ ಇರಬೇಕು. ನಿಮ್ಮ ಕಾರಿನ ಟೈರಿಗೆ ತುಂಬಿಸುವ ಗಾಳಿ ಮೂವತ್ತು ಚಿಲ್ಲರೆ ಪಿಎಸ್‌ಐ. ಇಪ್ಪತ್ತು ಕಿಲೋದೊಳಗಿನ ಬಾನೆಟ್ಟಿಗೆ ಇಷ್ಟು ಬಲ ಯಾಕೆಂದರೆ, ಸ್ಟ್ರಟ್ ಕೂತಿರುವುದು ಹಿಂಜ್‌ಗೆ ಹತ್ತಿರ. ಮನೆಯ ಬಾಗಿಲನ್ನು ಹಿಡಿಕೆ ಬಿಟ್ಟು ಕೀಲಿನ ಪಕ್ಕದಲ್ಲಿ ಒತ್ತಿ ತಳ್ಳಿ ನೋಡಿ, ತಿಳಿಯುತ್ತದೆ.

ಆದರೆ ಸ್ಟ್ರಟ್ ಬದಲಿಸುವಾಗ ಆ ಗ್ಯಾಸಿನ ಗೋಜಿಗೇ ನೀವು ಹೋಗುವುದಿಲ್ಲ. ಎರಡು ತುದಿಗಳನ್ನು ಬಿಡಿಸಿ ಇಡೀ ಕೊಳವೆಯನ್ನು ತೆಗೆಯುತ್ತೀರಿ, ಅಷ್ಟೇ. ಕೊಳವೆಗೆ ತೂತು ಹೊಡೆದರೆ, ಕೊಯ್ದರೆ, ಬೆಂಕಿಗೆ ಹಾಕಿದರೆ ಮಾತ್ರ ಅದು ಅಪಾಯ. ನೈಟ್ರೋಜನ್ ಉರಿಯುವುದಿಲ್ಲ ನಿಜ, ಆದರೆ ಬೆಂಕಿಯಲ್ಲಿ ಒತ್ತಡ ಏರಿ ಕೊಳವೆ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ನಮ್ಮ ಊರುಗಳಲ್ಲಿ ಕಸವೆಲ್ಲ ಬಚ್ಚಲ ಒಲೆಗೋ ಗುಡಿಸಿ ಹಾಕಿದ ಬೆಂಕಿಗೋ ಹೋಗುವ ಅಭ್ಯಾಸ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಳೆಯ ಸ್ಟ್ರಟ್ ಸೋತಿದ್ದರೂ ಖಾಲಿಯಲ್ಲ. ಮಗನ ಕೈಗೆ ಆಟಕ್ಕೆ ಕೊಡಬೇಡಿ. ಮುಂದೆ ಪೇಟೆಗೆ ಹೋದಾಗ ಗ್ಯಾರೇಜಿಗೆ ಕೊಡಿ. ಗುಜರಿಗೆ ಹಾಕುವುದಾದರೆ ಒಳಗೆ ಗ್ಯಾಸ್ ಇದೆ, ಕೊಯ್ಯಬೇಡಿ ಎಂದು ಬಾಯಿಬಿಟ್ಟು ಹೇಳಿಯೇ ಕೊಡಿ.

ಈ ಕೆಲಸದಲ್ಲಿ ನಿಜವಾದ ಅಪಾಯ ಬಾನೆಟ್ಟಿನ ಭಾರ. ಸ್ಟ್ರಟ್ ಕಳಚಿದ ಕ್ಷಣದಲ್ಲಿ ಅದನ್ನು ಹಿಡಿಯಲು ಏನೂ ಇರುವುದಿಲ್ಲ, ಕೆಳಗೆ ನಿಮ್ಮ ತಲೆ ಮತ್ತು ಕೈ ಇರುತ್ತವೆ. ಅದಕ್ಕೇ ಒಬ್ಬರೇ ಮಾಡಬೇಡಿ. ಗಟ್ಟಿಮುಟ್ಟಾದ ಒಬ್ಬರು ಬಾನೆಟ್ಟನ್ನು ಪೂರ್ತಿ ಎತ್ತಿ ಹಿಡಿದಿರಬೇಕು, ಜೊತೆಗೆ ಒಂದು ಮರದ ಊರುಗೋಲೂ ಇರಬೇಕು. ಕೋಲಿನ ಎರಡೂ ತುದಿಗೆ ಬಟ್ಟೆ ಸುತ್ತಿ. ಮೇಲಿನ ತುದಿ ಬಾನೆಟ್ಟಿನ ಒಳಮೈಯ ದಪ್ಪ ಪಟ್ಟಿಗೆ ಊರಬೇಕು, ತೆಳು ತಗಡಿಗೆ ಊರಿದರೆ ಹೊರಗೆ ಉಬ್ಬು ಬೀಳುತ್ತದೆ. ಕೆಳಗಿನ ತುದಿ ಜಾರದಂತಹ ಗಟ್ಟಿ ಜಾಗದಲ್ಲಿರಲಿ, ರೇಡಿಯೇಟರ್ ಮೇಲೆ ಅಲ್ಲ. ಗಾಳಿ ಬೀಸುವ ದಿನ ಅಂಗಳದಲ್ಲಿ ಮಾಡಬೇಡಿ. ಎಂಜಿನ್ ತಣ್ಣಗಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೀ ತೆಗೆದು ಜೇಬಿನಲ್ಲಿರಲಿ.

ಸಾಮಾನು ತರಿಸುವ ವಿಷಯ. ಕೊಳವೆಯ ಮೇಲೆ ಮುದ್ರಿಸಿರುವ ಪಾರ್ಟ್ ನಂಬರ್ ಮತ್ತು ನ್ಯೂಟನ್ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸ್ಟ್ರಟ್ ಪೂರ್ತಿ ಚಾಚಿದಾಗ ಅದರ ಎರಡು ತುದಿಗಳು ಕೂತಿರುವ ಗುಂಡಿಗಳಲ್ಲಿ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಉದ್ದ ಎಂದು ಟೇಪಿನಲ್ಲಿ ಅಳೆದು ಬರೆದಿಡಿ. ಕಂಪನಿಯ ಡೀಲರ್ ಹತ್ತಿರವೋ, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಸ್ಪೇರ್ಸ್ ಪೇಟೆಯಲ್ಲೋ ಈ ಮೂರು ವಿವರ ಕೊಟ್ಟರೆ ಸರಿಯಾದದ್ದು ಸಿಗುತ್ತದೆ. ಜರ್ಮನಿಯ ಸ್ಟಾಬಿಲಸ್‌ನಂತಹ ಹಳೆಯ ಕಂಪನಿಗಳು ಕಾರು ತಯಾರಕರಿಗೇ ಇವುಗಳನ್ನು ಪೂರೈಸುತ್ತವೆ, ಆ ಹೆಸರು ನಿಮ್ಮ ಹಳೆಯ ಕೊಳವೆಯ ಮೇಲೂ ಇರಬಹುದು. ‘ಇನ್ನೂ ಸ್ಟ್ರಾಂಗ್ ಇರೋದು ಕೊಡ್ತೀನಿ’ ಎಂದು ಯಾರಾದರೂ ಅಂದರೆ ಬೇಡ ಅನ್ನಿ. ಬಲ ಹೆಚ್ಚಾದರೆ ಬಾನೆಟ್ ಧಡಾರನೆ ಎದ್ದು ಹಿಂಜ್ ಮೇಲೆ ಹೊರೆ ಬೀಳುತ್ತದೆ, ಮುಚ್ಚುವಾಗ ತಗಡು ಬಾಗುತ್ತದೆ. ಹಳೆಯದಕ್ಕೇ ಗ್ಯಾಸ್ ತುಂಬಿಸಿ ಕೊಡುವವರೂ ಇದ್ದಾರೆ. ಸವೆದ ಸೀಲ್ ಹಾಗೇ ಇರುವಾಗ ಅದು ನಿಲ್ಲುವುದಿಲ್ಲ, ಆ ದುಡ್ಡು ಉಳಿಸಿ. ಒಂದು ಬದಿಯದ್ದು ಮಾತ್ರ ಸೋತಂತೆ ಕಂಡರೂ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಬಾನೆಟ್ ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತದೆ.

ಕೆಲಸಕ್ಕೆ ಬೇಕಿರುವುದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್. ಬಹುತೇಕ ಕಾರುಗಳಲ್ಲಿ ಸ್ಟ್ರಟ್‌ನ ತುದಿಯಲ್ಲಿ ಒಂದು ಬಟ್ಟಲು ಇರುತ್ತದೆ, ಅದು ಗಾಡಿಗೆ ಬಿಗಿದ ಗೋಲಿಯಂತಹ ಗುಂಡಿಯ ಮೇಲೆ ಕೂತಿರುತ್ತದೆ. ಬಟ್ಟಲಿನ ಕತ್ತಿಗೆ ಸುತ್ತಿಕೊಂಡ ಹಾಗೆ ಒಂದು ತಂತಿಯ ಕ್ಲಿಪ್. ಸ್ಕ್ರೂಡ್ರೈವರ್ ತುದಿಯನ್ನು ಕ್ಲಿಪ್ಪಿನ ಅಡಿಗೆ ತೂರಿಸಿ ಕೂದಲೆಳೆಯಷ್ಟು ಮೇಲೆತ್ತಿ, ಇನ್ನೊಂದು ಕೈಯಲ್ಲಿ ಬಟ್ಟಲನ್ನು ನೇರ ಹೊರಕ್ಕೆ ಎಳೆಯಿರಿ. ಗುಂಡಿಯಿಂದ ಪಕ್ಕಕ್ಕೆ ಬಂದುಬಿಡುತ್ತದೆ. ಕ್ಲಿಪ್ಪನ್ನು ಪೂರ್ತಿ ಕೀಳಲು ಹೋಗಬೇಡಿ, ಅದು ಹಾರಿ ಎಂಜಿನ್ನಿನ ಸಂದಿಗೆ ಬಿದ್ದರೆ ಹುಡುಕುವುದೇ ದೊಡ್ಡ ಕೆಲಸ. ಕೆಲವು ಗಾಡಿಗಳಲ್ಲಿ ಕ್ಲಿಪ್ ಬದಲು ಬೋಲ್ಟ್ ಇರುತ್ತದೆ, ಅದಕ್ಕೆ ತಕ್ಕ ಸ್ಪ್ಯಾನರ್ ಬೇಕು.

ಮೊದಲು ಒಂದೇ ಬದಿ ಬಿಚ್ಚಿ. ಬಿಚ್ಚಿದ್ದನ್ನು ಹೊಸದರ ಪಕ್ಕದಲ್ಲಿ ಇಟ್ಟು ಉದ್ದ ಸಮ ಇದೆಯೇ ನೋಡಿ. ಗುಂಡಿಯನ್ನು ಒರೆಸಿ ಸ್ವಲ್ಪ ಗ್ರೀಸ್ ಹಚ್ಚಿ. ಹೊಸ ಸ್ಟ್ರಟ್‌ನ ದಪ್ಪ ಕೊಳವೆ ಯಾವ ತುದಿಗಿರಬೇಕು ಎಂಬುದಕ್ಕೆ ಹಳೆಯದರ ಫೋಟೋ ನೋಡಿ ಹಾಗೇ ಹಾಕಿ. ಸಾಮಾನ್ಯವಾಗಿ ಬಾನೆಟ್ ಮುಚ್ಚಿದಾಗ ತೆಳು ಸರಳು ಕೆಳಮುಖವಾಗಿರುತ್ತದೆ. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ತಿರುಗಾಮುರುಗಾ ಹಾಕಿದರೆ ಸೀಲ್ ಬೇಗ ಒಣಗುತ್ತದೆ. ಬಟ್ಟಲನ್ನು ಗುಂಡಿಯ ಮೇಲಿಟ್ಟು ಅಂಗೈಯಿಂದ ಒತ್ತಿದರೆ ಟಕ್ ಎಂಬ ಸದ್ದು ಬರುತ್ತದೆ. ಆಮೇಲೆ ಎಳೆದು ನೋಡಿ, ಅಲುಗಬಾರದು. ಹೊಸ ಸ್ಟ್ರಟ್ಟನ್ನು ಕೈಯಿಂದ ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲ, ಪ್ರಯತ್ನಿಸಲೂ ಬೇಡಿ. ಬಟ್ಟಲು ಗುಂಡಿಯನ್ನು ದಾಟಿ ಹೋಗುತ್ತಿದೆ ಎಂದರೆ ಬಾನೆಟ್ ಇನ್ನೊಂದಿಷ್ಟು ಮೇಲಕ್ಕೆ ಹೋಗಬೇಕು ಎಂದರ್ಥ. ಇಕ್ಕುಳದಿಂದ ಸರಳನ್ನು ಹಿಡಿಯಬೇಡಿ, ಒಂದು ಗೀರು ಬಿದ್ದರೆ ಅದೇ ಹೊಸ ಸೀಲನ್ನು ಕೊಯ್ಯುತ್ತದೆ. ಎರಡನೇ ಬದಿ ಮುಗಿಯುವವರೆಗೂ ಹಿಡಿದವರು ಕೈ ಬಿಡಬಾರದು, ಕೋಲು ತೆಗೆಯಬಾರದು. ಮೊದಲನೆಯದು ಹಾಕಿದ ಮೇಲೆ ಬಾನೆಟ್ ನಿಂತಂತೆ ಕಂಡರೂ ನಂಬಬೇಡಿ. ಮೊದಲ ಸಲ ಮಾಡುವವರಿಗೂ ಇದೆಲ್ಲ ಅರ್ಧ ಗಂಟೆಯ ಕೆಲಸ.

ಮುಗಿದ ಮೇಲೆ ಕೋಲು ತೆಗೆದು, ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಯಾವುದೂ ಪೈಪಿಗೆ, ವೈರಿಗೆ ತಗುಲುತ್ತಿಲ್ಲ ಎಂದು ನೋಡಿ. ಹೊಸದರಲ್ಲಿ ಮುಚ್ಚಲು ಹಿಂದಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ಲಾಕ್ ಪೂರ್ತಿ ಬಿದ್ದಿದೆಯೇ ಎಂದು ಬಾನೆಟ್ಟಿನ ಮುಂದಿನ ಅಂಚನ್ನು ಎತ್ತಿ ನೋಡಿ ಖಾತ್ರಿ ಮಾಡಿಕೊಳ್ಳಿ. ಒಳಗಿನ ಲಿವರ್ ಎಳೆದಾಗ ಎರಡನೇ ಕೊಕ್ಕೆ ಹಿಡಿಯುತ್ತದೆಯೇ ಎಂದೂ ನೋಡಿ. ಚಾರ್ಮಾಡಿ ಇಳಿಯುವಾಗ ಬಾನೆಟ್ ಎದ್ದು ಗಾಜಿಗೆ ಬಡಿಯುವುದನ್ನು ತಡೆಯುವುದು ಆ ಸಣ್ಣ ಕೊಕ್ಕೆ.

ಗ್ಯಾರೇಜಿಗೇ ಬಿಡಬೇಕಾದ ಸಂದರ್ಭಗಳೂ ಇವೆ. ಗುಂಡಿ ಬಿಗಿದ ತಗಡು ತುಕ್ಕು ಹಿಡಿದು ಹರಿದಿದ್ದರೆ, ಹಿಂಜ್ ಬಾಗಿದ್ದರೆ, ಮುಚ್ಚಿದಾಗ ಬಾನೆಟ್ಟಿನ ಎರಡೂ ಬದಿಯ ಸಂದು ಸಮ ಇಲ್ಲದಿದ್ದರೆ ಸ್ಟ್ರಟ್ ಬದಲಿಸಿ ಪ್ರಯೋಜನವಿಲ್ಲ. ಪಾದಚಾರಿಗೆ ಡಿಕ್ಕಿಯಾದಾಗ ಬಾನೆಟ್ ತಾನಾಗಿ ಮೇಲೇಳುವ ವ್ಯವಸ್ಥೆ ಕೆಲವು ದುಬಾರಿ ಕಾರುಗಳಲ್ಲಿದೆ, ಅದರ ಹತ್ತಿರ ಯಾರೂ ಮನೆಯಲ್ಲಿ ಕೈ ಹಾಕಬಾರದು.

ನಿಮ್ಮ ಎರಡನೇ ಪ್ರಶ್ನೆ, ಅಪ್ಪ ಮಗನ ನಡುವೆ ಕೈ ಹಾಕುವುದು. ಕೀ ಬಚ್ಚಿಟ್ಟ ಮಗನಿಗೆ ಇರುವುದು ಅಪ್ಪನ ಮೇಲಿನ ಕಾಳಜಿ, ಅದನ್ನು ನಾನು ಹಗುರ ಮಾಡುವುದಿಲ್ಲ. ಹೆಗಲಿಗೆ ಬಿದ್ದದ್ದು ತಲೆಗೂ ಬೀಳಬಹುದಿತ್ತು. ಆದರೆ ಅಪಾಯ ಇದ್ದದ್ದು ಸ್ಟ್ರಟ್‌ನಲ್ಲಿ, ಅವರು ಅಪ್ಪನಿಂದ ಕಿತ್ತುಕೊಂಡದ್ದು ದಿನಚರಿಯನ್ನು. ಜೀವಮಾನವಿಡೀ ಗಾಡಿ ನೋಡಿಕೊಂಡವರಿಗೆ ಬೆಳಗಿನ ಆ ಹತ್ತು ನಿಮಿಷ ಮನೆಯ ಜವಾಬ್ದಾರಿಯಲ್ಲಿ ಅವರ ಪಾಲು. ಸ್ಟ್ರಟ್ ಸರಿಯಾದರೆ ಕೀ ಹಿಡಿದಿಟ್ಟುಕೊಳ್ಳಲು ಕಾರಣವೇ ಉಳಿಯುವುದಿಲ್ಲ. ಹಾಗಾಗಿ ನೀವು ನಡುವೆ ಬರುವುದರಲ್ಲಿ ತಪ್ಪೇನೂ ಇಲ್ಲ, ಬನ್ನಿ.

ಆದರೆ ಇಬ್ಬರೂ ಇಲ್ಲದ ಹೊತ್ತು ನೋಡಿ ಗುಟ್ಟಾಗಿ ಮಾಡಿ ಮುಗಿಸಬೇಡಿ. ಭಾನುವಾರ ಮಧ್ಯಾಹ್ನದ ಬೆಚ್ಚಗಿನ ಹೊತ್ತು ನೋಡಿ, ಮೂವರೂ ನಿಲ್ಲಿ. ಬಾನೆಟ್ ಹಿಡಿಯುವ ಬಲದ ಕೆಲಸ ಯಜಮಾನರದ್ದು. ಸ್ಕ್ರೂಡ್ರೈವರ್ ನಿಮ್ಮದು. ಮಾವನವರ ನೋವಿದ್ದ ಹೆಗಲಿಗೆ ಭಾರ ಹೊರಿಸಬೇಡಿ. ಹಳೆಯದರ ಪಕ್ಕ ಹೊಸದನ್ನಿಟ್ಟು ಅಳತೆ ನೋಡುವುದು, ಯಾವ ತುದಿ ಮೇಲೆ ಎಂದು ಹೇಳುವುದು, ಲಾಕ್ ಪರೀಕ್ಷಿಸಿ ಸರಿ ಎನ್ನುವುದು ಅವರ ಕೆಲಸವಾಗಲಿ. ‘ಮಾವ, ಇದು ಸರಿಯಾಗಿ ಕೂತಿದೆಯಾ ನೋಡ್ತೀರಾ’ ಎಂದು ಕೇಳಿ, ಅವರು ಹೇಳುವವರೆಗೆ ಕಾಯಿರಿ. ಮರುದಿನ ಬೆಳಗಿನ ಚಳಿಯಲ್ಲಿ ಮೊದಲ ಸಲ ಎತ್ತುವಾಗ ಯಜಮಾನರೂ ಜೊತೆಗಿರಲಿ, ಬಾನೆಟ್ ನಿಲ್ಲುವುದನ್ನು ಅವರೂ ಕಣ್ಣಾರೆ ನೋಡಲಿ.

ಸಾಮಾನು ಆರ್ಡರ್ ಮಾಡುವ ಮುಂಚೆ ಕಾರಿನ ಹಿಂದಿನ ಡಿಕ್ಕಿ ಬಾಗಿಲನ್ನೂ ಒಂದು ಬೆಳಿಗ್ಗೆ ಎತ್ತಿ ನೋಡಿ. ನಮ್ಮ ರಸ್ತೆಗಳಲ್ಲಿ ಓಡುವ ಬಹಳಷ್ಟು ಕಾರುಗಳಲ್ಲಿ ಬಾನೆಟ್ಟಿಗೆ ಕಡ್ಡಿಯೇ ಇದ್ದರೂ ಮೇಲಕ್ಕೇಳುವ ಹಿಂಬಾಗಿಲಿಗೆ ಇದೇ ಗ್ಯಾಸ್ ಸ್ಟ್ರಟ್ ಇರುತ್ತದೆ, ಹಾಗಾಗಿ ಇದನ್ನು ಓದುತ್ತಿರುವ ಇತರರೂ ನೋಡಿಕೊಳ್ಳುವುದು ಒಳ್ಳೆಯದು. ಬಿಚ್ಚುವ ಹಾಕುವ ಕ್ರಮ ಒಂದೇ, ಸ್ವಿಚ್ ಒತ್ತಿದರೆ ತೆರೆಯುವ ಬಾಗಿಲುಗಳನ್ನು ಬಿಟ್ಟು. ನಿಮ್ಮ ಗಾಡಿಯಲ್ಲಿ ಹಿಂದಿನವಕ್ಕೂ ಮುಂದಿನವಷ್ಟೇ ವಯಸ್ಸಾಗಿರಬಹುದು, ಅವೂ ಸೋಲುತ್ತಿದ್ದರೆ ನಾಲ್ಕನ್ನೂ ಒಟ್ಟಿಗೆ ತರಿಸಿಬಿಡಿ.