ಕಂಪ್ಯೂಟರಿನಲ್ಲಿ ಹೊಕ್ಕ ಕಳ್ಳ

ಅಕ್ಕಂದಿರೇ, ಈಗ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಇದೆ. ಮಕ್ಕಳ ಓದಿಗೆ ಅಂತ ಕೊಂಡದ್ದು. ಸಂಘದ ಲೆಕ್ಕ ಬರೆಯಲಿಕ್ಕೂ ಅದೇ. ಹೊಸದರಲ್ಲಿ ಗುಂಡಿ ಒತ್ತಿದರೆ ಬೇಗ ತೆರೆಯುತ್ತಿತ್ತು. ಈಗ? ಗುಂಡಿ ಒತ್ತಿ, ಒಲೆ ಮೇಲೆ ಅನ್ನಕ್ಕೆ ಇಟ್ಟು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ‘ಹಳೇದಾಯ್ತು, ಗುಜರಿಗೆ ಹಾಕೋಣ’ ಅಂತೀವಿ. ಸ್ವಲ್ಪ ತಾಳಿ. ಎಲ್ಲಾ ತಪ್ಪೂ ವಯಸ್ಸಿನದಲ್ಲ.

ಸಂಘದ ಲೆಕ್ಕ ಬರೆಯುವ ಒಬ್ಬ ಅಕ್ಕ ಇದ್ದಾಳೆ ಅಂದುಕೊಳ್ಳಿ. ಅವಳ ಮಗ ಕಂಪ್ಯೂಟರಿಗೆ ಒಂದು ಪುಕ್ಕಟೆ ಆಟ ಇಳಿಸಿದ. ಮರುದಿನದಿಂದ ಬೇಡದ ಜಾಹೀರಾತು ಬರತೊಡಗಿತು. ಅವಳು ಒಂದು ಪುಟ ತೆರೆದರೆ ಬೇರೆ ಪುಟ ತೆರೆಯಿತು. ಪಕ್ಕದ ಮನೆಯ ಕಾಲೇಜು ಹುಡುಗಿ ಬಂದು ನೋಡಿದಳು.

‘ಅಕ್ಕಾ, ಇದರಲ್ಲಿ ಸ್ಪೈವೇರ್ ಸೇರಿದೆ.’

‘ಹಂಗಂದ್ರೆ ಏನಮ್ಮ?’

‘ಬೇಹುಗಾರ ಅಕ್ಕಾ. ಆಟದ ಜೊತೆ ಬಂದು ಒಳಗೆ ಕೂತಿದೆ. ನೀವು ಏನು ನೋಡ್ತೀರಿ, ಏನು ಒತ್ತುತೀರಿ, ಎಲ್ಲಾ ಬರೆದಿಟ್ಟು ಹೊರಗಿನವರಿಗೆ ಕಳಿಸಬಹುದು. ಬ್ಯಾಂಕಿನ ಪಾಸ್‌ವರ್ಡ್ ಕೂಡ.’

ಅಕ್ಕನ ಎದೆ ಧಸಕ್ಕೆಂದಿತು. ಸಂಘದ ಉಳಿತಾಯದ ಖಾತೆಯನ್ನು ಅವಳು ಅದೇ ಕಂಪ್ಯೂಟರಿನಲ್ಲಿ ನೋಡುತ್ತಿದ್ದಳು. ಇಪ್ಪತ್ತು ಹೆಂಗಸರ ದುಡ್ಡು ಅದು.

ಕಂಪ್ಯೂಟರ್ ನಿಧಾನವಾಗಲು ಇದೂ ಒಂದು ಕಾರಣ. ಕಳ್ಳನೂ ಒಳಗೆ ಕೆಲಸ ಮಾಡುತ್ತಲೇ ಇರುತ್ತಾನೆ. ನಮ್ಮ ಕೆಲಸಕ್ಕೆ ಉಳಿಯುವ ಶಕ್ತಿ ಕಡಿಮೆ.

ಈಗ ಏನು ಮಾಡಬೇಕು? ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯಿರಿ. ಸುದ್ದಿ ಹೊರಗೆ ಹೋಗುವ ದಾರಿ ಮುಚ್ಚಿತು. ಲೆಕ್ಕದ ಕಡತ, ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಟಗಳನ್ನು ಹಾಕಬೇಡಿ.

ನಂತರ ‘ಸೆಟ್ಟಿಂಗ್ಸ್’ ತೆರೆದು ‘ಆ್ಯಪ್ಸ್’ ನೋಡಿ. ಅಲ್ಲಿ ಪಟ್ಟಿ ಇರುತ್ತದೆ. ಹಾಕಿದ ದಿನದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಬಂದದ್ದು ಯಾವುದು? ಅದನ್ನು ‘ಅನ್‌ಇನ್‌ಸ್ಟಾಲ್’ ಮಾಡಿ. ಗೊತ್ತಿಲ್ಲದ ಹೆಸರನ್ನೆಲ್ಲಾ ಕಿತ್ತು ಹಾಕಬಾರದು. ಪ್ರಿಂಟರಿಗೆ, ಧ್ವನಿಗೆ ಬೇಕಾದದ್ದೂ ಅಲ್ಲೇ ಇರುತ್ತದೆ. ಅನುಮಾನ ಬಂದರೆ ತಿಳಿದವರನ್ನು ಕೇಳಿ. ಕ್ರೋಮ್‌ನಂಥ ಬ್ರೌಸರಿನಲ್ಲಿ ‘ಎಕ್ಸ್‌ಟೆನ್ಷನ್ಸ್’ ಎಂಬ ಜಾಗವಿದೆ. ಅಲ್ಲಿಯೂ ಕಳ್ಳ ಅಡಗುತ್ತಾನೆ. ಬೇಡದ್ದನ್ನು ತೆಗೆಯಿರಿ.

ಕಳ್ಳನನ್ನು ಹುಡುಕಲು ಹೊಸ ಸಾಮಾನು ಕೊಳ್ಳಬೇಕಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂಬ ಕಾವಲುಗಾರ ಮೊದಲೇ ಇದ್ದಾನೆ. ಸ್ವಲ್ಪ ಹೊತ್ತು ಇಂಟರ್ನೆಟ್ ಜೋಡಿಸಿ ಅವನನ್ನು ‘ಅಪ್‌ಡೇಟ್’ ಮಾಡಿ. ಮತ್ತೆ ಸಂಪರ್ಕ ತೆಗೆದು ‘ಫುಲ್ ಸ್ಕ್ಯಾನ್’ ಒತ್ತಿ. ಹಳೆ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ರಾತ್ರಿ ಹಚ್ಚಿಟ್ಟು ಮಲಗಿ. ಆಮೇಲೆ ‘ಆಫ್‌ಲೈನ್ ಸ್ಕ್ಯಾನ್’ ಮಾಡಿ. ಕಂಪ್ಯೂಟರ್ ತಾನೇ ಆರಿ, ಮತ್ತೆ ಹೊತ್ತಿಕೊಂಡು, ಸುಮಾರು 15 ನಿಮಿಷ ಹುಡುಕುತ್ತದೆ. ಮೊಂಡು ಕಳ್ಳರು ಇದರಲ್ಲಿ ಸಿಗುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ‘ಸೈಬರ್ ಸ್ವಚ್ಛತಾ ಕೇಂದ್ರ’ ತೆರೆಯಿತು. ಅಲ್ಲಿಯೂ ಶುಚಿ ಮಾಡುವ ಸಾಧನಗಳು ಪುಕ್ಕಟೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ‘ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಪರದೆಯ ಮೇಲೆ ಬಂದರೆ ಮಾಡಬೇಡಿ. ಅದು ಮೋಸ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ.

ಶುಚಿಯಾಯಿತೇ? ಈಗ ಪಾಸ್‌ವರ್ಡ್ ಬದಲಿಸಿ. ಕಳ್ಳ ಹೊಕ್ಕಿದ್ದ ಯಂತ್ರದಲ್ಲಿ ಬೇಡ, ಬೇರೆ ಫೋನಿನಲ್ಲಿ ಮಾಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ಮನೆಯವರು ಬೈದಾರು ಎಂದು ಮುಚ್ಚಿಡಬೇಡಿ.

ಇಷ್ಟಾದರೂ ನಿಧಾನವೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ‘ಸ್ಟಾರ್ಟಪ್’ ನೋಡಿ. ಕಂಪ್ಯೂಟರ್ ಏಳುವಾಗಲೇ ಎದ್ದು ಬರುವವರ ಪಟ್ಟಿ ಅಲ್ಲಿದೆ. ಬೇಡದವರನ್ನು ‘ಡಿಸೇಬಲ್’ ಮಾಡಿ. ಅಳಿಸುವುದಲ್ಲ, ಸುಮ್ಮನೆ ಕೂರಿಸುವುದು. ಬೇಕಾದಾಗ ಮತ್ತೆ ಎಬ್ಬಿಸಬಹುದು.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಳೆ ಹಾರ್ಡ್‌ಡಿಸ್ಕ್ ಬದಲು ‘ಎಸ್‌ಎಸ್‌ಡಿ’ ಹಾಕಿಸಿ. ನನ್ನ ಮಟ್ಟಿಗೆ ಹಳೆ ಯಂತ್ರಕ್ಕೆ ಇಷ್ಟು ಒಳ್ಳೆ ಔಷಧಿ ಬೇರೆ ಇಲ್ಲ. ನೆನಪಿನ ಶಕ್ತಿ, ಅಂದರೆ ರ‍್ಯಾಮ್, 4 ಜಿಬಿ ಇದ್ದರೆ 8 ಮಾಡಿಸಿ. ಅಂಗಡಿಯವರು ಹೊಸದೇ ಕೊಳ್ಳಿ ಅಂದಾರು. ಮೊದಲು ಇದರ ಬೆಲೆ ಕೇಳಿ.

ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ತಿದ್ದುಪಡಿ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಎಷ್ಟೋ ಹಳೆ ಯಂತ್ರಗಳು ವಿಂಡೋಸ್ 11 ಹಾಕಿಸಿಕೊಳ್ಳುವುದಿಲ್ಲ. ಅಂಥವಕ್ಕೆ ‘ಲಿನಕ್ಸ್’ ಹಾಕಿಸಬಹುದು. ಅದು ಪುಕ್ಕಟೆ.

ಬರೆಯಿರಿ

1. ಅಕ್ಕನ ಕಂಪ್ಯೂಟರಿಗೆ ಕಳ್ಳ ಯಾವುದರ ಜೊತೆ ಬಂದ?
2. ಮೊದಲು ಇಂಟರ್ನೆಟ್ ಏಕೆ ತೆಗೆಯಬೇಕು?
3. ದುಡ್ಡು ಹೋದರೆ ಯಾವ ನಂಬರಿಗೆ ಫೋನ್ ಮಾಡಬೇಕು? ದೊಡ್ಡ ಅಂಕಿಗಳಲ್ಲಿ ಬರೆದು ಗೋಡೆಗೆ ಅಂಟಿಸಿ.